ಹಗಲು ಕಾಣದ ಪಾಯಿಂಟರ್

2016ರ ಆಗಸ್ಟ್‌ನಲ್ಲಿ ನಾನು ಹೊರದೇಶದ ವಿಟ್ಬಿ ಪಟ್ಟಣದ ಉತ್ತರದಂಚಿನ ಒಂದು ಪ್ರಾಣಿ ಚಿಕಿತ್ಸಾಲಯದಲ್ಲಿ ಪಶುವೈದ್ಯೆಯಾಗಿದ್ದೆ. ನಮ್ಮ ಕ್ಲಿನಿಕ್ಕಿನ ದಕ್ಷಿಣಕ್ಕೆ ಸಾಲು ಮನೆಗಳು, ಉತ್ತರಕ್ಕೆ ಜೋಳ ಮತ್ತು ಸೋಯಾ ಹೊಲಗಳು. ಹಾಗಾಗಿ ಬೆಳಿಗ್ಗೆ ಸೋಫಾ ಮೇಲೆ ಮಲಗಿ ಬೊಜ್ಜು ಬೆಳೆಸಿಕೊಂಡ ನಾಯಿಗಳು ಬರುತ್ತಿದ್ದರೆ, ಮಧ್ಯಾಹ್ನ ಪಂಜಕ್ಕೆ ಮುಳ್ಳು ಹೊಕ್ಕ ಬೇಟೆ ನಾಯಿಗಳು ಬರುತ್ತಿದ್ದವು. ನಾನು ಹುಟ್ಟಾ ಸಸ್ಯಾಹಾರಿ, ಮೈಸೂರಿನವಳು. ಬೇಟೆ ನಾಯಿಗಳಿಗೆ ಹೊಲಿಗೆ ಹಾಕುವವಳು ಎಂದು ನಮ್ಮ ಕನ್ನಡದ ಬಳಗದಲ್ಲಿ ಕೆಲವರಿಗೆ ನನ್ನ ಬಗ್ಗೆ ಮುಜುಗರವಿತ್ತು. ನನಗೆ ಇರಲಿಲ್ಲ. ಮುಳ್ಳು ಹೊಕ್ಕ ಪಂಜ ಯಾರದಾದರೂ ಪಂಜವೇ.

ಆ ತಿಂಗಳ ಒಂದು ಮಧ್ಯಾಹ್ನ ಶಶಿಕಲಾ ಎಂಬುವರು ತಮ್ಮ ನಾಯಿಯನ್ನು ಕರೆತಂದರು. ಮುಧೋಳದ ಕಡೆಯವರು, ಐವತ್ತರ ಆಸುಪಾಸು, ಸ್ಕೂಲ್ ಬಸ್ ಓಡಿಸುವುದು ಅವರ ಕೆಲಸ. ಗಂಡ ತೀರಿಕೊಂಡ ಮೇಲೆ ಪಕ್ಕದ ಮನೆಯ ವೃದ್ಧ ದಂಪತಿಗಳ ಜೊತೆ ಹಕ್ಕಿ ಬೇಟೆಗೆ ಹೋಗಲು ಶುರುಮಾಡಿ, ಪರೀಕ್ಷೆ ಬರೆದು ಬಂದೂಕಿನ ಲೈಸೆನ್ಸ್ ಪಡೆದು, ಕೊನೆಗೆ ತಮ್ಮದೇ ನಾಯಿ ಕೊಂಡವರು. ನಾಯಿಯ ಹೆಸರು ಗೆಜ್ಜೆ. ಒಂದು ವರ್ಷ ದಾಟಿದ ಹೆಣ್ಣು, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ತಳಿ, ಕಂದು ತಲೆ, ಬಿಳಿ ಮೈಗೆ ಕಂದು ಚುಕ್ಕೆ. ಹಣೆಯ ಮೇಲೆ ಒಡೆದ ಗಾಯ.

"ಬೇಲಿ ಗೂಟಕ್ಕ ಹೋಗಿ ಡಿಕ್ಕಿ ಹೊಡದಾಳ್ರೀ ಡಾಕ್ಟರ್ರ," ಎಂದರು ಶಶಿಕಲಾ. "ನಟ್ಟ ನಡು ಮಧ್ಯಾಹ್ನ. ಕಣ್ಮುಂದ ಗೂಟ ಐತಿ, ಸೀದಾ ಹೋಗಿ ಹೊಡದ್ಲು. ಅದ ಮುಂಜಾನಿ ಕತ್ತಲದಾಗ ಬಿಟ್ರ ಒಂದ ಎಲಿಗೂ ತಾಗಂಗಿಲ್ಲ."

ಈ ತಳಿಯ ಬಗ್ಗೆ ಎರಡು ಮಾತು ಹೇಳಬೇಕು. ಪಾಯಿಂಟರ್ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಹುಲ್ಲಿನಲ್ಲಿ ಅಡಗಿದ ಹಕ್ಕಿಯ ವಾಸನೆ ಮೂಗಿಗೆ ಬಡಿದ ಕ್ಷಣ ಇದ್ದಲ್ಲೇ ಸ್ತಬ್ಧವಾಗುತ್ತದೆ: ಒಂದು ಮುಂಗಾಲು ಮೇಲೆ, ಬಾಲ ನೆಟ್ಟಗೆ, ಮೂತಿ ಹಕ್ಕಿಯತ್ತ. ಇದಕ್ಕೆ ಪಾಯಿಂಟ್ ಎನ್ನುತ್ತಾರೆ. ಬೇಟೆಗಾರ ಬಂದು ಹಕ್ಕಿಯನ್ನು ಎಬ್ಬಿಸುವವರೆಗೂ ಅದು ಕದಲಬಾರದು. ಹೊಲ, ಪೊದೆ, ಕುರುಚಲು ಕಾಡಿನಲ್ಲಿರುವ ಗ್ರೌಸ್, ಫೆಸೆಂಟ್ ಮುಂತಾದ ನೆಲದ ಹಕ್ಕಿಗಳಿಗೆ ಈ ನಾಯಿ ಎಂದೂ, ಜೌಗಿನ ಬಾತುಗಳಿಗೆ ಲ್ಯಾಬ್ರಡಾರ್ ಎಂದೂ ಹಲವರು ಗೆರೆ ಎಳೆದಿದ್ದಾರೆ. ಆದರೆ ಶಾರ್ಟ್‌ಹೇರ್‌ನಂಥ ತಳಿಗಳನ್ನು ಬೆಳೆಸಿದವರ ಉದ್ದೇಶವೇ ಬೇರೆ. ಒಂದೇ ನಾಯಿ ಹೊಲದಲ್ಲಿ ಹಕ್ಕಿ ತೋರಿಸಬೇಕು, ಗಾಯಗೊಂಡದ್ದರ ಜಾಡು ಹಿಡಿಯಬೇಕು, ನೀರಿಗೆ ಹಾರಿ ಬಿದ್ದ ಬಾತನ್ನೂ ತರಬೇಕು.

ಗಾಯಕ್ಕೆ ಹೊಲಿಗೆ ಹಾಕಿದ ಮೇಲೆ ಕಣ್ಣು ನೋಡಿದೆ. ಹೊರಗಿನಿಂದ ಏನೂ ದೋಷವಿಲ್ಲ. ಕೋಣೆಯ ದೀಪಗಳನ್ನೆಲ್ಲ ಹಾಕಿ, ಅದರ ಮುಂದೆ ಒಂದು ಹತ್ತಿಯ ಉಂಡೆಯನ್ನು ಮೇಲಿನಿಂದ ಬಿಟ್ಟೆ. ಹತ್ತಿ ಸದ್ದು ಮಾಡುವುದಿಲ್ಲ, ವಾಸನೆಯೂ ಅಷ್ಟಿಲ್ಲ. ಕಣ್ಣಿದ್ದರೆ ಮಾತ್ರ ನಾಯಿ ಅದನ್ನು ಹಿಂಬಾಲಿಸುತ್ತದೆ. ಗೆಜ್ಜೆ ಗೋಡೆಯತ್ತ ನೋಡುತ್ತ ನಿಂತಿತ್ತು. ಆಮೇಲೆ ದೀಪ ಆರಿಸಿ, ಕಿಟಕಿಯ ಪರದೆ ಎಳೆದು ಸ್ವಲ್ಪ ಹೊತ್ತು ಕಾದೆ. ಮಬ್ಬಿನಲ್ಲಿ ಮತ್ತೆ ಹತ್ತಿ ಬಿಟ್ಟಾಗ ಅದು ನೆಲ ಮುಟ್ಟುವ ಮೊದಲೇ ಗೆಜ್ಜೆ ಬಾಯಲ್ಲಿ ಹಿಡಿದಿತ್ತು. ಕಾರಿಡಾರಿನಲ್ಲಿ ಕುರ್ಚಿಗಳನ್ನು ಅಡ್ಡಾದಿಡ್ಡಿ ಇಟ್ಟು ನಡೆಸಿದೆ. ಬೆಳಕಿನಲ್ಲಿ ಎಡವಿತು, ಮಬ್ಬಿನಲ್ಲಿ ನೀರಿನಂತೆ ನುಸುಳಿಹೋಯಿತು.

ನನ್ನ ಇಪ್ಪತ್ತೈದು ವರ್ಷಕ್ಕೂ ಮೀರಿದ ವೃತ್ತಿಯಲ್ಲಿ ಇದನ್ನು ಪುಸ್ತಕದಲ್ಲಷ್ಟೇ ಓದಿದ್ದೆ. ಕಣ್ಣಿನ ರೆಟಿನಾದಲ್ಲಿ ಎರಡು ಬಗೆಯ ಜೀವಕೋಶಗಳಿವೆ. ರಾಡ್‌ಗಳು ಮಬ್ಬು ಬೆಳಕಿಗೆ, ಕೋನ್‌ಗಳು ಪ್ರಖರ ಬೆಳಕಿಗೆ. ಈ ತಳಿಯ ಕೆಲವು ನಾಯಿಗಳಲ್ಲಿ ಕೋನ್‌ಗಳು ಮರಿಯಿದ್ದಾಗಲೇ ಸತ್ತುಹೋಗುತ್ತವೆ. ರಾಡ್‌ಗಳು ಉಳಿಯುತ್ತವೆ. ಅಂಥ ನಾಯಿಗೆ ಹಗಲು ಕುರುಡು, ಮುಸ್ಸಂಜೆಯಲ್ಲಿ ಮತ್ತು ನಸುಕಿನಲ್ಲಿ ದೃಷ್ಟಿ ಪೂರ್ತಿ. ಶಶಿಕಲಾ ಶಾಲೆಯ ದಿನಗಳಲ್ಲಿ ಬಸ್ ಹತ್ತುವ ಮೊದಲು ನಸುಕಿನಲ್ಲಿ, ಮತ್ತೆ ಸಂಜೆ ಕತ್ತಲಾದ ಮೇಲೆ ನಾಯಿಯನ್ನು ಓಡಾಡಿಸುತ್ತಿದ್ದರು. ಬೇಸಿಗೆ ರಜೆ ಬಂದು ಹಗಲಿನಲ್ಲಿ ಹೊರಗೆ ಬಿಟ್ಟಾಗಲೇ ಅವರಿಗೆ ಅನುಮಾನ ಬಂದದ್ದು.

ಕೆನ್ನೆಯ ಒಳಗಿನಿಂದ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ಕಣ್ಣಿನ ತಜ್ಞರೂ ರೆಟಿನಾದ ವಿದ್ಯುತ್ ಸಂಕೇತಗಳನ್ನು ಅಳೆದರು. ಎರಡೂ ಒಂದೇ ಮಾತು ಹೇಳಿದವು. ಇದು ರಿಸೆಸಿವ್ ದೋಷ. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಪ್ರತಿ ಬಂದರೆ ಮಾತ್ರ ಮರಿ ಕುರುಡಾಗುತ್ತದೆ. ಅಂದರೆ ಗೆಜ್ಜೆಯ ತಂದೆಯೂ ತಾಯಿಯೂ, ನೋಡಲು ಆರೋಗ್ಯವಾಗಿದ್ದರೂ, ಈ ದೋಷವನ್ನು ಹೊತ್ತವರು. ಅವರಿಬ್ಬರ ಬೇರೆ ಮರಿಗಳಲ್ಲೂ ಕೆಲವಕ್ಕೆ ಇದು ಇರುವ ಸಾಧ್ಯತೆ ಇತ್ತು.

ಸುದ್ದಿ ಹೇಳಿದಾಗ ಶಶಿಕಲಾ ಅಳಲಿಲ್ಲ. ಗೆಜ್ಜೆಯ ಕಿವಿ ಸವರುತ್ತ ಕೂತಿದ್ದು ಕೇಳಿದರು. "ಇಕಿ ಮೂಗು ಹೆಂಗೈತ್ರಿ?"

"ಮೂಗಿಗೆ ಏನೂ ಆಗಿಲ್ಲ."

"ಮತ್ತ ಯಾಕ ಇಷ್ಟ ಗಾಬರಿ? ನಮ್ಮ ಮುಧೋಳ ನಾಯಿ ಆಗಿದ್ರ ಕಥಿ ಮುಗೀತಿತ್ತು, ಅವು ಕಣ್ಣಿನಿಂದ ಬ್ಯಾಟಿ ಆಡೂ ನಾಯಿ. ಇಕಿ ಮೂಗಿನಾಕಿ."

ಗೆಜ್ಜೆಯನ್ನು ಮಾರಿದ್ದು ಡ್ಯಾರೆನ್ ಎಂಬ ಬ್ರೀಡರ್. ಅವನ ಕೆನೆಲ್ಲಿನ ನಾಯಿಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಶಶಿಕಲಾ ಫೋನ್ ಮಾಡಿ ವಿಷಯ ತಿಳಿಸಿದ ಎರಡನೆಯ ದಿನ ಕ್ಲಿನಿಕ್ಕಿಗೆ ಬಂದ. ಮೃದುವಾಗಿಯೇ ಮಾತಾಡಿದ. ನಾಯಿಯನ್ನು ತನಗೆ ವಾಪಸ್ ಕೊಟ್ಟರೆ ಬದಲಿಗೆ ಬೇರೆ ಮರಿ ಕೊಡುವುದಾಗಿಯೂ, ಈ ನಾಯಿಯ ವಿಷಯವನ್ನು ತಾನೇ ಮುಗಿಸುವುದಾಗಿಯೂ ಹೇಳಿದ. ಮುಗಿಸುವುದು ಎಂದರೇನು ಎಂದು ಕೇಳಿದೆ. "ಕುರುಡು ಪಾಯಿಂಟರ್ ಯಾರಿಗೆ ಬೇಕು? ಅದಕ್ಕೂ ಹಿಂಸೆ," ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: ವರದಿಯಲ್ಲಿ ತಲೆಗೆ ಪೆಟ್ಟು ಬಿದ್ದು ದೃಷ್ಟಿ ಹೋಯಿತು ಎಂದು ಬರೆಯಲು ಆಗುತ್ತದೆಯೇ?

"ಪೆಟ್ಟು ಬಿದ್ದದ್ದು ಕಾಣದ್ದರಿಂದ. ಕಾಣದೆ ಹೋದದ್ದು ಪೆಟ್ಟಿನಿಂದಲ್ಲ," ಎಂದೆ.

ಅವನು ಹೋದ ಮೇಲೆ ಕ್ಲಿನಿಕ್ಕಿನ ಒಡತಿ ಡಾಕ್ಟರ್ ಹೆಲೆನ್ ನನ್ನನ್ನು ತನ್ನ ಕೋಣೆಗೆ ಕರೆದಳು. ಒಳ್ಳೆಯ ವೈದ್ಯೆ, ನನ್ನ ಗೆಳತಿಯೂ ಹೌದು. ಡ್ಯಾರೆನ್ ಹೋದರೆ ಅವನ ಹಿಂದೆ ಇನ್ನೂ ಹತ್ತು ಜನ ಹೋಗುತ್ತಾರೆ ಎಂದಳು. ಸುಳ್ಳು ಬರೆ ಎಂದು ಹೇಳಲಿಲ್ಲ. "ಕಾರಣ ಸ್ಪಷ್ಟವಿಲ್ಲ ಎಂದಷ್ಟೇ ಬರೆದರೆ?" ಎಂದು ಕೇಳಿದಳು.

"ಕಾರಣ ಸ್ಪಷ್ಟವಿದೆ ಹೆಲೆನ್. ಬೇರೆ ಥರ ಬರೆಯಬೇಕಾದರೆ ನೀನು ಬರೆದು ನಿನ್ನ ಸಹಿ ಹಾಕು. ನನ್ನ ಸಹಿ ಇರುವಲ್ಲಿ ನಾನು ನೋಡಿದ್ದು ಮಾತ್ರ ಇರುತ್ತದೆ."

ಅವಳು ಹಾಗೆ ಬರೆಯಲೂ ಇಲ್ಲ, ನನ್ನನ್ನು ತಡೆಯಲೂ ಇಲ್ಲ. ಡ್ಯಾರೆನ್ ತನ್ನ ನಾಯಿಗಳನ್ನು ಬೇರೆ ಕ್ಲಿನಿಕ್ಕಿಗೆ ಒಯ್ದ. ಹೆಲೆನ್ ಹೇಳಿದ ಹತ್ತು ಜನರಲ್ಲಿ ಕೆಲವರು ನಿಜಕ್ಕೂ ಹೋದರು.

ಶಶಿಕಲಾ ಗೆಜ್ಜೆಯನ್ನು ವಾಪಸ್ ಕೊಡಲಿಲ್ಲ. ಈ ದೋಷ ಮುಂದಿನ ಪೀಳಿಗೆಗೆ ಹೋಗಬಾರದೆಂದು ಅದರ ಗರ್ಭಕೋಶ ತೆಗೆಸಿದರು. ಆಮೇಲೆ ತರಬೇತಿಯನ್ನೇ ಬದಲಿಸಿದರು. ಬಾತು ಬೇಟೆಗೆ ಕಾನೂನಿನ ಪ್ರಕಾರ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಅವಕಾಶವಿದೆ. ಗೆಜ್ಜೆಯ ಕಣ್ಣು ಅತ್ಯಂತ ಚುರುಕಾಗಿರುವ ಹೊತ್ತು ಅದೇ. ಹಗಲಿನಲ್ಲಿ ತಂತಿ ಬೇಲಿ ಇಲ್ಲದ ಬಯಲು ಹೊಲ, ಕೊರಳಿಗೆ ಉದ್ದನೆಯ ಹಗ್ಗ, ಗಂಟೆ, ದಾರಿ ಹೇಳಲು ಸೀಟಿ. ಅವರ ಬೇಟೆ ನಾಯಿಗಳ ಕ್ಲಬ್ಬಿನವರು ನಕ್ಕರಂತೆ. ಬಾತಿಗೆ ಲ್ಯಾಬ್ ತಗೋ, ನೆಲದ ಹಕ್ಕಿಗೆ ಕಣ್ಣಿರುವ ಪಾಯಿಂಟರ್ ತಗೋ ಎಂದರಂತೆ. ನಾರ್ತ್ ಯಾರ್ಕಿನ ನಮ್ಮ ಕನ್ನಡ ಕೂಟದಲ್ಲಿ ಬೇರೆ ಥರದ ಮಾತು: ಹೆಂಗಸು, ಬಂದೂಕು, ಕೊಲ್ಲುವ ಹವ್ಯಾಸ.

"ಅಂಗಡ್ಯಾಗ ಪ್ಲಾಸ್ಟಿಕ್ ಸುತ್ತಿದ ಕೋಳಿ ತಂದ್ರ ಅಡಗಿ, ನಾ ತಂದ್ರ ಪಾಪ," ಎಂದು ಶಶಿಕಲಾ ನನ್ನೆದುರು ಹೇಳಿದರು. "ನೀವು ತಿನ್ನಂಗಿಲ್ಲ, ನೀವು ಬೈರಿ, ಕೇಳ್ತೀನಿ. ಅವರದ್ಯಾಕ ಕೇಳ್ಲಿ?"

ನಾನು ಬೈಯಲಿಲ್ಲ. ಅಕ್ಟೋಬರಿನ ಒಂದು ಶನಿವಾರ ಅವರ ಜೊತೆ ಜೌಗಿಗೆ ಹೋದೆ. ನಾಯಿಗೆ ಈ ಕೆಲಸ ಅಪಾಯವೇ ಅಲ್ಲವೇ ಎಂದು ಕಣ್ಣಾರೆ ನೋಡದೆ ಅಭಿಪ್ರಾಯ ಹೇಳಲು ನನಗೆ ಮನಸ್ಸಿರಲಿಲ್ಲ.

ಆಪು ಹುಲ್ಲಿನ ಮರೆಯಲ್ಲಿ ನಾವು ಕೂತೆವು. ಮೂಡಣ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಗೆಜ್ಜೆ ಶಶಿಕಲಾ ಮೊಣಕಾಲ ಬಳಿ ಕೂತು ಆಕಾಶವನ್ನೇ ನೋಡುತ್ತಿತ್ತು. ನನಗೆ ಕಾಣುವ ಮೊದಲೇ ಬಾತುಗಳು ಅದಕ್ಕೆ ಕಂಡವು, ತಲೆ ತಿರುಗಿಸಿದ್ದರಿಂದ ಗೊತ್ತಾಯಿತು. ಗುಂಡಿನ ಸದ್ದಾಯಿತು, ಒಂದು ಹಕ್ಕಿ ನೀರಿಗೆ ಬಿತ್ತು. ಅಪ್ಪಣೆ ಸಿಗುವವರೆಗೂ ನಾಯಿ ಕದಲಲಿಲ್ಲ. ಆಮೇಲೆ ಸೀದಾ ಈಜಿಹೋಗಿ ತಂದು ಕೈಗೆ ಕೊಟ್ಟಿತು. ನಾನು ಹಕ್ಕಿಯಿಂದ ಕಣ್ಣು ತೆಗೆದು ನಾಯಿಯನ್ನು ನೋಡಿದೆ. ಅದರ ಮುಖದಲ್ಲಿ ಹಿಂಸೆಯ ಗುರುತು ಯಾವುದೂ ಇರಲಿಲ್ಲ.

ಎರಡನೆಯ ಹಕ್ಕಿ ಬಿದ್ದಾಗ ಸೂರ್ಯ ಮೇಲೆ ಬಂದಿದ್ದ. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಗೆಜ್ಜೆಗೆ ಹಕ್ಕಿ ಬಿದ್ದದ್ದು ಕಾಣಲಿಲ್ಲ, ನೀರಿನ ಸದ್ದು ಮಾತ್ರ ಕೇಳಿಸಿತು. ಶಶಿಕಲಾ ಸೀಟಿ ಊದಿದರು. ನಾಯಿ ಸದ್ದು ಬಂದ ಕಡೆ ಈಜಿ ಆಪಿನ ಹತ್ತಿರ ಸುತ್ತತೊಡಗಿತು. ಇನ್ನೊಂದು ಸೀಟಿಗೆ ಎಡಕ್ಕೆ ತಿರುಗಿತು. ಗಾಳಿ ಎದುರಾದೊಡನೆ ಮೂತಿ ಮೇಲೆತ್ತಿ, ಆಪಿನೊಳಗೆ ನುಗ್ಗಿ, ಹಕ್ಕಿಯೊಂದಿಗೆ ಹೊರಬಂತು. ಶಶಿಕಲಾ ಹಕ್ಕಿಯನ್ನು ಕೈಗೆ ತೆಗೆದುಕೊಂಡು, ಗೆಜ್ಜೆಯ ಒದ್ದೆ ತಲೆಯನ್ನು ತಮ್ಮ ಕೋಟಿನ ತೋಳಿನಿಂದ ಒರೆಸಿದರು.

ನವೆಂಬರಿನಲ್ಲಿ ಕ್ಲಬ್ಬಿನ ತರಬೇತಿ ದಿನ. ಮೊಣಕಾಲೆತ್ತರ ಹುಲ್ಲಿನ ದೊಡ್ಡ ಹೊಲ, ಮೋಡವಿಲ್ಲದ ಬಿಸಿಲು. ಗೆಜ್ಜೆಗೆ ಪೆಟ್ಟಾದರೆ ನೋಡಿಕೊಳ್ಳಲು ಶಶಿಕಲಾ ನನ್ನನ್ನೂ ಕರೆದಿದ್ದರು. ಡ್ಯಾರೆನ್ ತನ್ನ ಎರಡು ನಾಯಿಗಳೊಂದಿಗೆ ಬಂದಿದ್ದ. ಒಂದು ಗೆಜ್ಜೆಯ ತಂದೆ.

ಗೆಜ್ಜೆ ಬೇರೆ ನಾಯಿಗಳಂತೆ ಬಾಣದ ಹಾಗೆ ಓಡಲಿಲ್ಲ. ಎಡಬಲಕ್ಕೆ ಗಾಳಿ ಹಿಡಿಯುತ್ತ, ಹೆಜ್ಜೆ ಎತ್ತಿ ಎತ್ತಿ ಇಡುತ್ತ ಹೋಯಿತು. ಗಂಟೆ ಟಿಣಿಗುಡುತ್ತಿತ್ತು. ಹೊಲದ ನಡುವೆ ಗಂಟೆ ನಿಂತಿತು. ಒಂದು ಮುಂಗಾಲು ಮೇಲೆ, ಬಾಲ ನೆಟ್ಟಗೆ, ಕಣ್ಣು ಎಲ್ಲೋ ಬೇರೆ ಕಡೆ. ಶಶಿಕಲಾ ಮುಂದೆ ಹೋಗಿ ಹುಲ್ಲು ಒದ್ದಾಗ ಫೆಸೆಂಟ್ ಹುಂಜ ರೆಕ್ಕೆ ಬಡಿಯುತ್ತ ಎದ್ದಿತು. ಗೆಜ್ಜೆ ಕದಲಲಿಲ್ಲ.

ಯಾರೋ ಚಪ್ಪಾಳೆ ತಟ್ಟಿದರು. ಡ್ಯಾರೆನ್ ಹೇಳಿದ: "ಚೆನ್ನಾಗಿದೆ. ನಾನು ಹೇಳಿರಲಿಲ್ಲವೇ, ನಾಯಿಗೆ ದೋಷವೇ ಇಲ್ಲ. ಡಾಕ್ಟರ್ ಸುಮ್ಮನೆ ಹೆದರಿಸಿದರು."

ಅಷ್ಟು ಚುರುಕಿನ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ನಾಯಿಯ ಗೆಲುವನ್ನೇ ಅವನು ತನ್ನ ಸುಳ್ಳಿಗೆ ಸಾಕ್ಷಿ ಮಾಡಿಕೊಂಡಿದ್ದ. ಮಾಲೀಕರ ಅನುಮತಿ ಇಲ್ಲದೆ ಪ್ರಾಣಿಯ ಕಾಯಿಲೆ ಹೊರಗೆ ಹೇಳುವಂತಿಲ್ಲ, ಆದ್ದರಿಂದ ನಾನು ಶಶಿಕಲಾ ಕಡೆ ನೋಡಿದೆ.

"ಹೇಳ್ರಿ ಡಾಕ್ಟರ್ರ," ಎಂದರು ಕನ್ನಡದಲ್ಲಿ. "ಎಲ್ಲಾರ ಮುಂದ ಹೇಳ್ರಿ."

ಹೇಳಿದೆ. ಈ ನಾಯಿಗೆ ಈಗ ಏನೂ ಕಾಣುತ್ತಿಲ್ಲ, ಇದು ಹುಟ್ಟಿನಿಂದ ಬಂದದ್ದು, ತಂದೆ ತಾಯಿ ಇಬ್ಬರೂ ಇದನ್ನು ಹೊತ್ತಿದ್ದಾರೆ, ಅದೇ ಜೋಡಿಯ ಮರಿ ಕೊಂಡವರೆಲ್ಲ ಪರೀಕ್ಷೆ ಮಾಡಿಸಬೇಕು. ಡ್ಯಾರೆನ್ ವಕೀಲರ ಮಾತೆತ್ತಿದ. ಶಶಿಕಲಾ ಗೆಜ್ಜೆಯ ಹಗ್ಗ ಸುತ್ತುತ್ತ ಇಂಗ್ಲಿಷಿನಲ್ಲಿ ಅವನಿಗೆ ಹೇಳಿದರು: "ವಕೀಲರು ಆಮೇಲೆ ಬರಲಿ. ನಿನ್ನ ನಾಯಿ ಇಲ್ಲೇ ಇದೆ, ಡಾಕ್ಟರೂ ಇಲ್ಲೇ ಇದ್ದಾರೆ. ಕೆನ್ನೆಯಿಂದ ಮಾದರಿ ತೆಗೆಯಲು ಒಂದು ನಿಮಿಷ ಸಾಕು. ಖರ್ಚು ನನ್ನದು."

ಅವನು ನಾಯಿಗಳನ್ನು ಗಾಡಿಗೆ ಹತ್ತಿಸಿ ಹೊರಟುಹೋದ. ವಕೀಲರ ಪತ್ರ ಎಂದೂ ಬರಲಿಲ್ಲ. ತನ್ನ ತಪ್ಪನ್ನು ಅವನು ಎಂದೂ ಒಪ್ಪಲೂ ಇಲ್ಲ.

ಈ ಪ್ರಕರಣ ನನಗೆ ಅಲ್ಲಿಗೆ ಮುಗಿದಿದ್ದರೆ ಬರೆಯುತ್ತಿರಲಿಲ್ಲವೇನೋ. ಮುಂದಿನ ವಸಂತದಲ್ಲಿ ಥಾರ್ನ್‌ಹಿಲ್‌ನಿಂದ ಒಬ್ಬ ಯುವಕ ಬಂದ. ಆ ಹೊಲದಲ್ಲಿ ನಾನು ಹೇಳಿದ್ದು ಬಾಯಿಂದ ಬಾಯಿಗೆ ಅವನ ಕಿವಿಗೂ ಬಿದ್ದಿತ್ತು. ಅವನ ಗಂಡು ನಾಯಿ ಗೆಜ್ಜೆಯ ಒಡಹುಟ್ಟು. ಮಧ್ಯಾಹ್ನ ಕೈಸನ್ನೆ ಮಾಡಿದರೆ ಅದು ಬರುತ್ತಿರಲಿಲ್ಲ. ಮೊಂಡು ನಾಯಿ ಎಂದು ಅದನ್ನು ಮಾರಿದ ಡ್ಯಾರೆನ್ನೇ ಹೇಳಿದ್ದನಂತೆ, ಬಟನ್ ಒತ್ತಿದರೆ ಶಾಕ್ ಕೊಡುವ ಕೊರಳಪಟ್ಟಿ ಕಟ್ಟಲು ಸಲಹೆಯನ್ನೂ ಕೊಟ್ಟಿದ್ದನಂತೆ. ನಾಯಿಯ ಕೊರಳಲ್ಲಿ ಕೂದಲು ಉದುರಿದ ಎರಡು ಗುರುತುಗಳಿದ್ದವು. ನಾನು ದೀಪ ಹಾಕಿ ಹತ್ತಿಯ ಉಂಡೆ ಬಿಟ್ಟೆ. ಅದು ಗೋಡೆಯತ್ತ ನೋಡುತ್ತ ನಿಂತಿತು. ದೀಪ ಆರಿಸಿ ಮತ್ತೆ ಬಿಟ್ಟೆ. ಯುವಕ ನೋಡಿದ. ಯಾವ ವಿವರಣೆಯೂ ಬೇಕಾಗಲಿಲ್ಲ. ನೆಲದ ಮೇಲೆ ಕೂತು ನಾಯಿಯ ಕೊರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಷ್ಟು ದಿನ ಅವನು ಕಾಣದೆ ನಿಂತಿದ್ದ," ಎಂದ. "ನಾನು ಬಟನ್ ಒತ್ತುತ್ತಿದ್ದೆ."

ಹೆಲೆನ್ ಬಾಗಿಲಲ್ಲಿ ನಿಂತಿದ್ದಳು. ಅವನು ಹೋದ ಮೇಲೆ ತಾನೇ ಕುಳಿತು, ಅದೇ ಜೋಡಿಯ ಮರಿಗಳನ್ನು ಕೊಂಡವರೆಂದು ಗೊತ್ತಿದ್ದ ನಮ್ಮ ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು.

ನಾನು 2019ರಲ್ಲಿ ನಿವೃತ್ತಳಾದೆ. ಆ ವರ್ಷವೂ ಗೆಜ್ಜೆ ನಸುಕಿನಲ್ಲಿ ಜೌಗಿಗೆ, ಹಗಲಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಒಂದೇ ಕೆಲಸಕ್ಕೆಂದು ಬೆಳೆಸಿದ ನಾಯಿಯಾಗಿದ್ದರೆ ಒಂದು ದೋಷ ಅದನ್ನು ಮುಗಿಸುತ್ತಿತ್ತು. ಹಲವು ಕೆಲಸ ಬಲ್ಲ ನಾಯಿಗೆ ಒಂದು ಬಾಗಿಲು ಮುಚ್ಚಿದರೂ ಮೂಗು, ಕಿವಿ, ಈಜು, ತಾಳ್ಮೆ ಉಳಿದಿದ್ದವು. ಏನು ಹೋಗಿದೆ ಎಂದು ಹೇಳುವುದು ವೈದ್ಯರ ಅರ್ಧ ಕೆಲಸ, ಏನು ಉಳಿದಿದೆ ಎಂದು ಹುಡುಕುವುದು ಇನ್ನರ್ಧ. ಅದನ್ನು ನನಗೆ ಕಲಿಸಿದ್ದು ಶಶಿಕಲಾ.

ಇನ್ನೊಂದನ್ನು ಥಾರ್ನ್‌ಹಿಲ್‌ನ ಆ ನಾಯಿ ಕಲಿಸಿತು. ಯಾರ ಮನಸ್ಸೂ ನೋಯದಿರಲೆಂದು ನಾವು "ಕಾರಣ ಸ್ಪಷ್ಟವಿಲ್ಲ" ಎಂದು ಬರೆದಾಗ, ನೋವು ಇಲ್ಲವಾಗುವುದಿಲ್ಲ. ಬಾಯಿಲ್ಲದ ಯಾವುದೋ ಜೀವದ ಕೊರಳಿಗೆ ಅದು ವರ್ಗವಾಗುತ್ತದೆ. ಅದಕ್ಕೇ ಇವತ್ತಿಗೂ ಯಾರಾದರೂ, ಆ ವರದಿಯನ್ನು ಸ್ವಲ್ಪ ಮೆತ್ತಗೆ ಬರೆಯಬಹುದಿತ್ತಲ್ಲ ಎಂದರೆ, ಬರೆಯಬಹುದಿತ್ತು, ಬರೆಯಲಿಲ್ಲ ಎನ್ನುತ್ತೇನೆ.