ಕೊನೆಯ ಪ್ಯಾರಾದಲ್ಲಿದ್ದ ಜಗಲಿ

ಪುದುಚೇರಿಯ ಬಗ್ಗೆ ನಾನು ಬರೆದ ಲೇಖನವನ್ನು ಆತ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದ. ದೇವರಾಜ ಮೊಹಲ್ಲಾದ ನಮ್ಮ ಬೀದಿಯಲ್ಲಿ ಮೂಲೆಮನೆ ಆತನದು. ಅದನ್ನೀಗ ಕೆಫೆ ಮಾಡುತ್ತಿದ್ದ. ಮುಂಭಾಗಕ್ಕೆ ಹಳದಿ ಬಣ್ಣ, ಬಿಳಿ ಅಂಚು, ಹೊಸದಾಗಿ ಕಟ್ಟಿಸಿದ ಕಮಾನು. ಕಲ್ಲಿನ ಜಗಲಿ ಮಾತ್ರ ಇರಲಿಲ್ಲ. ಚಪ್ಪಡಿಗಳು ಒಡೆದು ಚರಂಡಿಯ ಪಕ್ಕ ಬಿದ್ದಿದ್ದವು.

ಆ ಜಗಲಿಯ ಮೇಲೆ ಒಬ್ಬ ಹೆಂಗಸು ಹೂ ಕಟ್ಟಿ ಮಾರುತ್ತಿದ್ದರು. ನಾನು ಈ ಬೀದಿಗೆ ಬರುವ ಮೊದಲಿನಿಂದಲೂ ಅವರು ಅಲ್ಲಿಯೇ. ಆತನ ತಾಯಿಯೇ ಕರೆದು ಕೂರಿಸಿದ್ದಂತೆ.

ಲೇಖನದ ಕಥೆ ಇಷ್ಟು. ಕಳೆದ ಬೇಸಿಗೆಯಲ್ಲಿ ಎರಡು ಊರು ನೋಡಿದ್ದೆ. ಪುದುಚೇರಿಯ ಫ್ರೆಂಚರ ಬೀದಿಗಳಲ್ಲಿ ಹಳದಿ ಗೋಡೆ ನೇರ ರಸ್ತೆಗೇ ಬಂದು ನಿಲ್ಲುತ್ತದೆ. ಬಾಗಿಲು ಮುಚ್ಚಿದರೆ ಮನೆಗೂ ಬೀದಿಗೂ ಸಂಬಂಧ ಮುಗಿಯಿತು. ನೋಡಲು ಚೆಂದ. ಆದರೆ ಫೋಟೊ ತೆಗೆಯುವವರ ಹೊರತು ಅಲ್ಲಿ ಯಾರೂ ನಿಂತದ್ದು ಕಾಣಲಿಲ್ಲ. ಅಹಮದಾಬಾದಿನ ಹಳೇ ಕೇರಿಯಲ್ಲಿ ಮನೆಮನೆಗೂ ಜಗಲಿ. ಬೆಳ್ಳುಳ್ಳಿ ಬಿಡಿಸುತ್ತಿದ್ದ ಒಬ್ಬಾಕೆ ಗುರುತು ಪರಿಚಯವಿಲ್ಲದ ನನಗೆ ಸರಿದು ಜಾಗ ಕೊಟ್ಟರು. ಅಲ್ಲಿ ಕೂತಾಗ ನಮ್ಮ ಹೂವಿನವರು ನೆನಪಾದರು. ಜಗಲಿ ಹೋದ ಬೀದಿ ಬರೀ ದಾರಿ ಎಂದು ಬರೆದೆ, ಅವರ ವಿಷಯವನ್ನೂ ಸೇರಿಸಿದೆ. ಅಹಮದಾಬಾದಿನಿಂದ ಹೂವಿನವರವರೆಗೆ ಎಲ್ಲವೂ ಕೊನೆಯ ಪ್ಯಾರಾದಲ್ಲೇ ಇತ್ತು.

ನಮ್ಮ ಪತ್ರಿಕೆಯ ಆ ಪುಟಕ್ಕೆ ಜಾಹೀರಾತು ಬಂತು. ಜಾಗ ಸಾಲದಿದ್ದರೆ ಬರಹವನ್ನು ಕೊನೆಯ ಪ್ಯಾರಾದಿಂದ ಕತ್ತರಿಸುವುದು ನಮ್ಮ ಪದ್ಧತಿ. ಕತ್ತರಿಸಿದವನು ನಾನೇ. ಅಚ್ಚಾದದ್ದು ಪುದುಚೇರಿಯ ಹಳದಿ ಗೋಡೆ ಮಾತ್ರ.

ಹೂವಿನವರು ಎಲ್ಲಿ ಕೂರಬೇಕು ಎಂದು ಮಾಲೀಕನನ್ನು ಕೇಳಿದೆ. ಎದುರುಗಡೆ ಬೇಕಾದಷ್ಟು ಜಾಗವಿದೆ ಎಂದ. ನನ್ನ ದನಿ ಏರಿತು. ಆತ ಲ್ಯಾಮಿನೇಟ್ ಮಾಡಿದ ಹಾಳೆ ತಂದು ಕೈಗಿಟ್ಟ.

"ಇದ್ರಲ್ಲಿ ಜಗಲಿ ಅಂತ ಒಂದ್ ಮಾತೈತಾ, ತೋರ್ಸಿ ಸಾರ್. ನೀವ್ ಬರ್ದಂಗೇ ಮಾಡ್ಸಿದೀನಿ ಕಣ್ರೀ."

ಉದ್ಘಾಟನೆಗೆ ಬರಬೇಕೆಂದೂ ಕರೆದ. ಒಡೆಯದೆ ಉಳಿದ ಒಂದು ಚಪ್ಪಡಿಯನ್ನು ಒಳಗೆ ಟೇಬಲ್ ಮಾಡಿಸಿದ್ದಾನಂತೆ, ಹಳೇ ಕಾಲದ ಕಳೆ ಇರಲಿ ಎಂದು. ಆತನ ಮೇಲೆ ಬಂದ ಸಿಟ್ಟಿಗೆ ಆ ಹಾಳೆ ನನ್ನ ಕೈಯಲ್ಲೇ ಬಾಗಿತು. ಹರಿಯಲಿಲ್ಲ.

ಎದುರುಗಡೆ, ವಿದ್ಯುತ್ ಕಂಬದ ಪಕ್ಕ, ಹೂವಿನವರು ನಿಂತಿದ್ದರು. ಬುಟ್ಟಿಯಲ್ಲಿ ಬಿಡಿ ಮಲ್ಲಿಗೆ. ಕಟ್ಟಿಲ್ಲವೇ ಎಂದೆ.

"ದಾರದ ತುದೀನ ಕಾಲ್ಬೆಟ್ಟಿಗೆ ಸುತ್ಕಂಡು ಕಟ್ಟಬೇಕು ಕಣಪ್ಪ. ನಿಂತ್ಕಂಡು ಎಂಗ್ ಕಟ್ಲಿ?"

ಬಿಡಿ ಹೂ ಕೊಳ್ಳುವವರು ಕಡಿಮೆ, ಮಧ್ಯಾಹ್ನಕ್ಕೆ ಬಾಡುತ್ತದೆ ಎಂದರು. ಪೇಪರಿನವನಲ್ಲವೇ, ಈ ವಿಷಯ ಬರೆಯಬಾರದೇ ಎಂದು ಕೇಳಿದರು.

ಬರೆದಿದ್ದೆ ಎಂದೆ. ಕೊನೆಯಲ್ಲಿತ್ತು, ಜಾಗ ಸಾಲದೆ ತೆಗೆದೆ ಎಂದೂ ಹೇಳಿದೆ.

ಅವರು ನನ್ನನ್ನೇ ನೋಡಿದರು. "ಕೊನೇಗ್ ಯಾಕ್ ಹಾಕಿದ್ರಿ ನನ್ನ?"

ಅಷ್ಟರಲ್ಲಿ ಗಿರಾಕಿಯೊಬ್ಬರು ಒಂದು ಮೊಳ ಕೇಳಿದರು. ಹೂವಿನವರು ಮೊಳ ಇಲ್ಲ ಎಂದು ಹೇಳಿ, ಬೊಗಸೆಯಲ್ಲಿ ಹೂ ಎತ್ತಿ ತೋರಿಸಿದರು. ಗಿರಾಕಿ ಮುಂದೆ ಹೋದರು.