ಇಡಗುಂದಿ ಲೈನಿನ ಲೈನ್ ಕ್ಲಿಯರ್

ಎರಡನೇ ಅಲೆಯ ಲಾಕ್‌ಡೌನಿನಲ್ಲಿ ನಾನು ಯಲ್ಲಾಪುರದ ಸಬ್‌ಸ್ಟೇಷನ್ನಿನಲ್ಲಿ ಹದಿನೈದು ದಿನ ಮನೆ ಕಾಣದೆ ಆಪರೇಟರ್ ಕೆಲಸ ಮಾಡಿದೆ. ಬದಲಿಗೆ ಬರಬೇಕಾದವರು ಕ್ವಾರಂಟೈನಿನಲ್ಲಿದ್ದರು. ಅಕ್ಕಿ ಗಿರಣಿ, ಸಾಮಿಲ್ಲು, ಹೋಟೆಲು ಎಲ್ಲ ಬಂದಾಗಿ ಲೋಡೇ ಇರಲಿಲ್ಲ. ಹಾಡುಹಗಲಲ್ಲೂ ವೋಲ್ಟೇಜು ಮೇಲೇರಿ ಕೂರುತ್ತಿತ್ತು. ಕರೆಂಟು ಬೇಕಾದಷ್ಟಿತ್ತು, ಬೇಕೆನ್ನುವವರೇ ಇರಲಿಲ್ಲ.

ನನ್ನ ಅಕ್ಕನಿಗೆ ಬೇಕಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಅವಳು ಇಡಗುಂದಿಯ ಮನೆಯಲ್ಲೇ ಆಕ್ಸಿಜನ್ ಮಷೀನಿನ ನಳಿಗೆ ಮೂಗಿಗೆ ಸಿಕ್ಕಿಸಿಕೊಂಡು ಮಲಗಿದ್ದಳು. "ಎನ್ನ ತಮ್ಮ ಸ್ವಿಚ್ ಹಾಕಿದ್ರೇ ನಿಂಗಳ ಮನೆಗೆ ಬೆಳಕು" ಎಂದು ಊರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದವಳು.

ಒಂದು ಮಧ್ಯಾಹ್ನ ಗಾಳಿಗೆ ಕಾಡಿನಲ್ಲಿ ಕೊಂಬೆ ಮುರಿದು ಬಿದ್ದು ಇಡಗುಂದಿ ಲೈನು ಹೋಯಿತು. ಹಾವೇರಿ ಕಡೆಯ ಲೈನ್‌ಮನ್ ಒಬ್ಬನೇ ಹೊರಟ. ಜೊತೆಯವರೆಲ್ಲ ಜ್ವರದಲ್ಲಿ ಮಲಗಿದ್ದರು. ರಸ್ತೆಯಿಂದ ಫೋನು ಮಾಡಿ, ಕಂಬ ಹತ್ತುತ್ತೇನೆ ಕರೆಂಟು ಬಿಡಬೇಡಿ ಎಂದು ಲೈನ್ ಕ್ಲಿಯರ್ ತೆಗೆದುಕೊಂಡ. "ಅರ್ಧ ತಾಸಿನ್ಯಾಗ ಮುಗಸ್ತೀನ್ರಿ ಸರ್" ಎಂದ. ಲೈನ್ ಕ್ಲಿಯರ್ ತೆಗೆದುಕೊಂಡವನೇ ತನ್ನ ಬಾಯಿಂದ ಅದನ್ನು ವಾಪಸು ಕೊಡಬೇಕು. ಅಲ್ಲಿಯವರೆಗೆ ಕರೆಂಟು ಬಿಡುವಂತಿಲ್ಲ. ಬಿಟ್ಟರೆ ತಂತಿ ಹಿಡಿದವನು ಅಲ್ಲೇ ಸುಟ್ಟುಹೋಗುತ್ತಾನೆ.

ಒಂದು ತಾಸಾಯಿತು. ಅವನ ಫೋನು ಸಿಗಲಿಲ್ಲ. ಆ ಕಾಡಲ್ಲಿ ನೆಟ್‌ವರ್ಕೇ ಇಲ್ಲ. ಮೊದಲಾದರೆ ಕಂಬದ ಕೆಳಗೆ ನಿಂತವನೊಬ್ಬ ರಸ್ತೆಗೆ ಓಡಿಬಂದು ಸುದ್ದಿ ಹೇಳುತ್ತಿದ್ದ. ಯಾರನ್ನಾದರೂ ಕಳಿಸೋಣವೆಂದರೆ ನನ್ನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕನ ಮನೆಯ ಇನ್‌ವರ್ಟರು ಸತ್ತಿತ್ತು. ಸಿಲಿಂಡರ್ ತರಲು ಶಿರಸಿಗೆ ಹೋದ ಪಿಕಪ್ಪು ತಿರುಗಿ ಬಂದಿರಲಿಲ್ಲ.

ಅಕ್ಕ ತಾನೇ ಫೋನು ಮಾಡಿದಳು. ಎರಡು ಶಬ್ದಕ್ಕೊಮ್ಮೆ ಉಸಿರು ಎಳೆಯುತ್ತಿದ್ದಳು.

"ತಮಾ, ಸ್ವಿಚ್ಚು... ನಿನ್ ಕೈಲೇ ಇದ್ದಲೋ. ಹಾಕಲೆ... ಆಗ್ತಿಲ್ಯನೋ?"

"ಈಗ ಬತ್ತು ಅಕ್ಕಾ, ಈಗ ಬತ್ತು" ಎಂದೆ, ಯಾವಾಗ ಬರುತ್ತದೆಂದು ನನಗೇ ಗೊತ್ತಿಲ್ಲದಿದ್ದರೂ.

ಎರಡು ಸಲ ಸ್ವಿಚ್ಚಿನ ಮೇಲೆ ಕೈ ಇಟ್ಟೆ. ಪುಣ್ಯಾತ್ಮ ಕೆಲಸ ಮುಗಿಸಿ ಎಲ್ಲೋ ಬೀಡಿ ಸೇದುತ್ತ ಕೂತಿದ್ದಾನೆ, ಹೇಳುವುದನ್ನು ಮರೆತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿಗೆ ಬಂದಂತೆ ಬೈದೆ. ಎರಡು ಸಲವೂ ಕೈ ತೆಗೆದೆ.

ಎರಡು ತಾಸಿನ ಮೇಲೆ ಅವನ ಫೋನು ಬಂತು. "ತಪ್ಪಾತ್ರಿ ಸರ್. ಕೆಲಸ ಮುಗಿಸಿ ಇಳಿಯೂ ಮುಂದ ಕಂಬದ ಮ್ಯಾಲ ತಲಿ ತಿರುಗಿತು, ಮೈಯಾಗ ಜ್ವರ ಐತ್ರಿ. ಇಷ್ಟೊತ್ತನಕ ಬೆಲ್ಟಿಗೆ ಜೋತುಬಿದ್ದಿದ್ದೆ. ಈಗ ಇಳದು ರಸ್ತೆಗೆ ಬಂದೀನಿ, ಲೈನ್ ಕ್ಲಿಯರ್ ವಾಪಸ್ ತಗೋರಿ, ಚಾರ್ಜ್ ಮಾಡ್ರಿ."

ಸ್ವಿಚ್ಚು ಹಾಕಿದೆ. ಕೂಡಲೇ ಅಕ್ಕನ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಭಾವ.

"ಕರೆಂಟು ಬಂತು. ಮಷೀನು ಓಡ್ತಾ ಇದ್ದು" ಎಂದ. ಆಮೇಲೆ ಕೇಳಿದ, "ಬಂದ್ ಮಾಡ್ಲಾ?"

ಆ ಲೈನ್‌ಮನ್ ಬದುಕಿಕೊಂಡ. ಅದೇ ಲೈನಿನ ಕೊನೆಯಲ್ಲಿ ನನ್ನ ಅಕ್ಕ ಹೋದದ್ದು ಅವನಿಗೆ ಗೊತ್ತಿಲ್ಲ. ಪೇಟೆಯಲ್ಲಿ ಸಿಕ್ಕರೆ "ಬರ್ರಿ ಸರ್, ಚಾ ಕುಡಿಯೂಣು" ಎಂದು ಕರೆಯುತ್ತಾನೆ. ಅವನದೇನೂ ತಪ್ಪಿಲ್ಲವೆಂದು ಗೊತ್ತಿದ್ದೂ ನನಗೆ ಸಿಟ್ಟು ಬರುತ್ತದೆ. ಕೈ ತೆಗೆದದ್ದು ಸರಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ "ಈಗ ಬತ್ತು" ಎಂದೆನಲ್ಲ, ಅದನ್ನು ನಂಬಿಕೊಂಡು ಅಕ್ಕ ಎಷ್ಟು ಹೊತ್ತು ಕಾದಳೆಂದು ಭಾವನನ್ನು ಇನ್ನೂ ಕೇಳಿಲ್ಲ.