ಕೆಂಪಾಚಾರಿಯ ಗುಲಗಂಜಿ

ಮಾಗಡಿ ಸುತ್ತಿನ ಜನ ದೇವರ ಹುಂಡಿಗೆ ನೋಟು ಹಾಕುವಾಗ ಕಣ್ಣು ಮುಚ್ಚುತ್ತಾರೆ. ಆಚಾರಿಯ ಕೈಗೆ ಚಿನ್ನ ಕೊಡುವಾಗ ಮಾತ್ರ ರೆಪ್ಪೆ ಬಡಿಯುವುದಿಲ್ಲ. ತಮ್ಮ ಎರಡು ಕಣ್ಣು ಸಾಲದು ಎಂದು ಅತ್ತೆಯನ್ನೋ ನಾದಿನಿಯನ್ನೋ ಜೊತೆಗೆ ಕರೆತಂದು, ಚಿನ್ನ ಕರಗಿ ಮತ್ತೆ ಗಟ್ಟಿಯಾಗುವ ತನಕ ಬೆಂಚಿನ ಮೇಲೆ ಅಲುಗಾಡದೆ ಕೂರುತ್ತಾರೆ. ನನ್ನಪ್ಪ ಕೆಂಪಾಚಾರಿ ಐವತ್ತು ವರ್ಷ ಈ ಕಣ್ಣುಗಳ ಮುಂದೆ ಕೂತು ಕೆಲಸ ಮಾಡಿದ. ನಡುವೆ ಸೀನಿದರೆ ಬಾಯಿಗೆ ಏನೋ ಹಾಕಿಕೊಂಡ ಎಂದು ಅನುಮಾನ. ತಲೆ ಕೆರೆದರೆ ಕೂದಲಿಗೆ ಅರದಿಂದ ಉಜ್ಜಿದ ಚಿನ್ನದ ಪುಡಿ ಸವರಿಕೊಂಡ ಎಂದು ಅನುಮಾನ. ಉಚ್ಚೆ ಬಂದರೂ ಗಿರಾಕಿ ಎದ್ದು ಹೋಗುವವರೆಗೆ ತಡೆದುಕೊಂಡು ಕೂರುತ್ತಿದ್ದ.

ನಮ್ಮ ಅಂಗಡಿ ಪೇಟೆ ಬೀದಿಯಲ್ಲಿ, ತಾಜ್ ಪಾಷಾನ ಗಡಿಯಾರ ರಿಪೇರಿ ಅಂಗಡಿಯ ಮಗ್ಗುಲಿಗೆ. ಒಂದು ಮಂಚ ಹಾಕಿದರೆ ಮುಗಿದುಹೋಗುವಷ್ಟು ಜಾಗ. ಹೊಸ ಒಡವೆಗಿಂತ ರಿಪೇರಿಯೇ ಹೆಚ್ಚು. ಸರದ ಕೊಂಡಿ ಬೆಸೆಯುವುದು, ಓಲೆಯ ತಿರುಪು ಸರಿಮಾಡುವುದು, ಊದಿಕೊಂಡ ಬೆರಳಿನಿಂದ ಕಾಲುಂಗುರ ಕತ್ತರಿಸಿ ತೆಗೆಯುವುದು, ಕೂಸುಗಳಿಗೆ ಕಿವಿ ಚುಚ್ಚುವುದು. ಕಿವಿ ಚುಚ್ಚಿಸಲು ಅಪ್ಪನ ತೊಡೆಯ ಮೇಲೆ ಮಗುವನ್ನೇ ನಂಬಿ ಕೂರಿಸುತ್ತಿದ್ದರು. ಚುಚ್ಚಿದ ಮೇಲೆ ಹಾಕುವ ಇಷ್ಟೇ ಇಷ್ಟು ಉದ್ದದ ಚಿನ್ನದ ತಂತಿಯನ್ನು ಮಾತ್ರ ಎರಡೆರಡು ಸಲ ತೂಗಿಸುತ್ತಿದ್ದರು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕಟ್ಟಿದವನು ಯಾವನೋ, ಅವನ ಬಾಯಿಗೆ ಮಣ್ಣು ಬೀಳಲಿ. ಅದನ್ನು ನಮ್ಮ ಬೆಂಚಿನ ಮೇಲೆಯೇ ಕೂತು, ಅಪ್ಪ ತರಿಸಿಕೊಟ್ಟ ಕಾಫಿ ಕುಡಿಯುತ್ತಲೇ ಹೇಳಿ ನಗುತ್ತಿದ್ದರು. ಅಪ್ಪನೂ ಹಲ್ಲು ಬಿಡುತ್ತಿದ್ದ. ಅವನಿಗೆ ಅಕ್ಕ ಇರಲಿಲ್ಲ. ಇದ್ದಿದ್ದರೂ ಅವಳ ಹತ್ತಿರ ಚಿನ್ನ ಇರುತ್ತಿರಲಿಲ್ಲ, ಆ ಮಾತು ಬೇರೆ. ನಾನು ಹತ್ತು ವರ್ಷದವಳಿದ್ದಾಗ ಬೈರಮ್ಮ ಅನ್ನುವ ಮಹಾತಾಯಿ, ಮೂಗುಬೊಟ್ಟಿನ ಕಲ್ಲು ಕೂರಿಸಿ ಮುಗಿದ ಮೇಲೆ, ಪಂಚೆ ಒದರು ಅಂದಳು. ಬೀದಿಯ ಎದುರಿಗೆ ಎದ್ದು ನಿಂತು ಒದರಿದ ನನ್ನಪ್ಪ. ಒಂದು ಬೀಡಿ ತುಂಡು ಬಿತ್ತು. ಬೈರಮ್ಮ ಅದನ್ನೂ ಬಗ್ಗಿ ನೋಡಿದಳು. ಅವತ್ತು ಆ ಹೆಂಗಸಿನ ಮೇಲೆ ಎಷ್ಟು ಅಸಹ್ಯ ಹುಟ್ಟಿತೋ, ನಗುತ್ತ ಪಂಚೆ ಒದರಿದ ಅಪ್ಪನ ಮೇಲೂ ಅಷ್ಟೇ ಹುಟ್ಟಿತು.

ಇಂಥ ಜನಕ್ಕೆ ಅವನು ಮಾಡುತ್ತಿದ್ದುದೇನು ಎಂದು ಕೇಳಿದರೆ ನೀವೂ ಹಣೆ ಚಚ್ಚಿಕೊಳ್ಳುತ್ತೀರಿ. ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಯಾವ ಒಡವೆಯನ್ನಾದರೂ ಹತ್ತು ಸಲ ತೂಗಿಸಿಕೊಳ್ಳಿ, ಮಾಡಿ ಮುಗಿಸಿದ ತಾಳಿಯನ್ನು ಮಾತ್ರ ತಕ್ಕಡಿಗೆ ಹಾಕಬಾರದು, ತೂಗಿದ ತಾಳಿ ಶುಭವಲ್ಲ. ಜನ ಒಪ್ಪುತ್ತಿದ್ದರು. ಆಚಾರಿಯನ್ನು ನಂಬದಿದ್ದರೂ ಅಪಶಕುನವನ್ನು ನಂಬುತ್ತಾರಲ್ಲ. ಆದರೆ ಅಪ್ಪನ ಕಾರಣ ಬೇರೆಯೇ ಇತ್ತು. ಗಂಡಿನ ಕಡೆಯವರು ತಾಳಿಗೆಂದು ತಂದ ಚಿನ್ನಕ್ಕೆ ಅವನು ತನ್ನ ಕೂಲಿಯಲ್ಲಿ ಕೊಂಡ ಚಿನ್ನದಿಂದ ಒಂದು ಗುಲಗಂಜಿ ತೂಕ ಸೇರಿಸುತ್ತಿದ್ದ. ಗುಲಗಂಜಿ ಅಂದರೆ ಆ ಕಪ್ಪು ಚುಕ್ಕೆಯ ಕೆಂಪು ಬೀಜ, ಹಳೇ ಕಾಲದ ತೂಕದ ಕಲ್ಲು. ಬಡಿಯುವಾಗ ಸವೆದದ್ದನ್ನು ತುಂಬಿಕೊಟ್ಟು, ಅದರ ಮೇಲೆ ಇದು. ತೂಗಿದರೆ ಗುಟ್ಟು ರಟ್ಟಾಗುತ್ತದೆಂದು ಆ ಕಟ್ಟಳೆ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಯಾಕೆ ಎಂದು ಕೇಳಿದ್ದೆ.

“ಗಂಡಿನೋರ ಚಿನ್ನ ಗಂಡಿನೋರ ಮಾತೇ ಕೇಳ್ತದೆ ಕಣವ್ವಾ,” ಅಂದಿದ್ದ. “ಒಸಿನಾದ್ರೂ ಆ ಹೆಣ್ಣಿನ ಕಡೆ ಇರ್ಲಿ.”

ನನ್ನನ್ನು ಕನಕಪುರದ ಕಡೆಗೆ ಕೊಟ್ಟಾಗ ನನ್ನ ತಾಳಿಯನ್ನೂ ಅಪ್ಪನೇ ಮಾಡಿದ್ದು. ಅದಕ್ಕೂ ಗುಲಗಂಜಿ ಬಿದ್ದಿತ್ತು. ಕಟ್ಟಿದವನ ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಮೂರು ವರ್ಷ ಹೊಡೆತ ತಿಂದೆ. ಒಂದು ದಿನ ಕುಡಿಯುವುದಕ್ಕೆ ಕಾಸಿಲ್ಲವೆಂದು ನನ್ನ ಕೊರಳಿಗೇ ಕೈ ಹಾಕಿದ. ನಾನೇ ಬಿಚ್ಚಿ ಅವನ ಮುಖದ ಮೇಲೆಸೆದು ಮಾಗಡಿ ಬಸ್ಸು ಹತ್ತಿ ಬಂದುಬಿಟ್ಟೆ. ಅಪ್ಪ ತನ್ನ ಪಕ್ಕ ಚಾಪೆ ಹಾಸಿ, ಕೈಗೆ ಅರ ಕೊಟ್ಟ. ಅಮ್ಮ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಅವತ್ತಿನಿಂದ ನಾನು ಆಚಾರಿ.

ಕೆಲಸ ಬೇಗ ಹತ್ತಿತು. ಎರಡು ಸಾವಿರದ ಇಸವಿಯ ಹೊತ್ತಿಗೆ ಅಪ್ಪನ ಕಣ್ಣಿಗೆ ಪೊರೆ ಬಂದು, ಕೈ ನಡುಗಿ, ಸಣ್ಣ ಕೆಲಸವೆಲ್ಲ ನನ್ನದೇ ಆಯಿತು. ಜುಮುಕಿಗೆ ಹೊಸ ಹೊಸ ನಮೂನೆ ನಾನೇ ಬರೆದು ಮಾಡುತ್ತಿದ್ದೆ. ಅದನ್ನು ಮೆಚ್ಚಿ ಕೊಂಡುಹೋಗುತ್ತಿದ್ದ ಹೆಂಗಸರೇ ತಾಳಿ ಮಾಡಿಸುವಾಗ ಮಾತ್ರ, ಗಂಡನ್ನ ಬಿಟ್ಟೋಳ ಕೈ ತಾಕಬಾರದು, ಯಜಮಾನರೇ ಮಾಡಲಿ ಅನ್ನುತ್ತಿದ್ದರು. ಆಯಿತು ತಾಯಿ ಎಂದು ಅಪ್ಪ ಮುಂದೆ ಕೂತು ಬೆಂಕಿ ಊದಿ ಚಿನ್ನ ಕರಗಿಸಿ ತೋರಿಸುತ್ತಿದ್ದ. ಅವರು ಎದ್ದು ಹೋದ ಮೇಲೆ ಉಳಿದದ್ದನ್ನೆಲ್ಲ ನಾನು ಮಾಡುತ್ತಿದ್ದೆ. ಗಂಡನನ್ನು ಬಿಟ್ಟವಳು ಮಾಡಿದ ತಾಳಿ ಕಟ್ಟಿಕೊಂಡು ಈ ತಾಲ್ಲೂಕಿನ ಎಷ್ಟೋ ಮಹಾಪತಿವ್ರತೆಯರು ಸುಖವಾಗಿದ್ದಾರೆ.

ಒಂದೊಂದು ತಾಳಿಗೂ ಅಪ್ಪ ಬೆರಳಲ್ಲೇ ಅಂದಾಜು ಮಾಡಿ ಒಂದು ಗುಲಗಂಜಿ ಚಿನ್ನ ನನ್ನ ಅಂಗೈಗೆ ಹಾಕುತ್ತಿದ್ದ. ನಾನು ಅದನ್ನು ತಾಳಿಗೆ ಹಾಕಲಿಲ್ಲ. ಯಾಕೆ ಹಾಕಬೇಕು? ಪಂಚೆ ಒದರಿಸಿದವರ ಸೊಸೆಯರಿಗಾ? ನನ್ನ ತಾಳಿಗೆ ಹಾಕಿದ್ದು ನನಗೆ ಯಾವ ಉಪಕಾರ ಮಾಡಿತ್ತು? ಹಳೇ ವಿಕ್ಸ್ ಡಬ್ಬಿಯಲ್ಲಿ ಕೂಡಿಡುತ್ತ ಹೋದೆ. ಹಾಕಿದೆಯಾ ಎಂದು ಕೇಳುತ್ತಿದ್ದ, ಹಾಕಿದೆ ಅನ್ನುತ್ತಿದ್ದೆ. ಮೂರು ವರ್ಷಕ್ಕೆ ಇಪ್ಪತ್ತೊಂದು ತಾಳಿಯ ಗುಲಗಂಜಿ ಸೇರಿದಾಗ ನನಗೊಂದು ಜೊತೆ ಓಲೆ ಮಾಡಿಕೊಂಡೆ, ಹುರುಳಿ ಹೂವಿನಷ್ಟು ಪುಟ್ಟದು. ಅಪ್ಪನಿಗೆ ಇದು ಚಿನ್ನದ ನೀರು ಬಳಿದ ಒನ್ ಗ್ರಾಮ್ ಗೋಲ್ಡು, ಬಸ್ ಸ್ಟ್ಯಾಂಡಿನಲ್ಲಿ ಕೊಂಡೆ ಎಂದು ಹೇಳಿದೆ. ಪೊರೆ ಬಂದ ಕಣ್ಣಲ್ಲಿ ನೋಡಿ, ಚೆನ್ನಾಗೈತೆ ಅಂದ.

ಅದೇ ಕಾಲಕ್ಕೆ ಗುಡೇಮಾರನಹಳ್ಳಿ ಕಡೆಯ ಬೋರಲಿಂಗಯ್ಯ ಮಗನ ಮದುವೆಗೆ ತಾಳಿ ಮಾಡಿಸಲು ಬಂದ. ಬಿಡದಿಯ ಫ್ಯಾಕ್ಟರಿಗಳಿಗೆ ಜನರನ್ನು ಸಾಗಿಸುವ ಬಸ್ಸುಗಳನ್ನು ಬಿಟ್ಟು ದುಡ್ಡು ಮಾಡಿದ್ದ ಆಸಾಮಿ. ಕೊರಳಲ್ಲಿ ಎತ್ತಿನ ಹಗ್ಗದಷ್ಟು ದಪ್ಪದ ಚೈನು. ಅದನ್ನು ರಾಮನಗರದ ದೊಡ್ಡ ಅಂಗಡಿಯಲ್ಲಿ ಕೊಂಡದ್ದೆಂದೂ, ಅಲ್ಲಿ ಎ.ಸಿ. ಇದೆಯೆಂದೂ ಎರಡು ಸಲ ಹೇಳಿದ. ತಾಳಿ ಮಾತ್ರ ಮನೆತನದ ಪದ್ಧತಿಯಂತೆ ಆಚಾರಿ ಕೈಯಲ್ಲೇ ಆಗಬೇಕೆಂದು ಅವನ ಹೆಂಡತಿ ಶಿವಲಿಂಗಮ್ಮ ಹಟ ಹಿಡಿದಿದ್ದಳು. ಸರಿಯಾಗಿ ಎಂಟು ಗ್ರಾಮ್ ಚಿನ್ನ ಕೊಟ್ಟು, ಕರಗುವ ತನಕ ಮೂಗಿನ ಮೇಲೆ ಕರ್ಚೀಫು ಹಿಡಿದು ಕೂತಿದ್ದು ಹೋದ. ಅಪ್ಪ ಎಂದಿನಂತೆ ಗುಲಗಂಜಿ ಕೊಟ್ಟ. ಆ ವಾರ ನನ್ನ ಎಡಗಿವಿಯ ಓಲೆಯ ತಿರುಪು ಎಲ್ಲೋ ಬಿದ್ದುಹೋಗಿತ್ತು. ಆ ಚಿನ್ನದಲ್ಲಿ ಹೊಸ ತಿರುಪು ಮಾಡಿ ಹಾಕಿಕೊಂಡೆ.

ಮದುವೆಗೆ ಎರಡು ದಿನ ಇದ್ದಾಗ ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ಬಂದರು. ವೀಳ್ಯದೆಲೆ, ಅಕ್ಕಿ, ಬೆಲ್ಲ ಇಟ್ಟ ತಟ್ಟೆಯಲ್ಲಿ ಅಪ್ಪ ತಾಳಿ ಇಟ್ಟುಕೊಟ್ಟ. ಬೋರಲಿಂಗಯ್ಯ ಅದನ್ನು ನೋಡಲೂ ಇಲ್ಲ. ಕಾರಿನಿಂದ ಒಂದು ಪುಟ್ಟ ಕರೆಂಟು ತಕ್ಕಡಿ ತಂದು ಬೆಂಚಿನ ಮೇಲಿಟ್ಟ. ಸೆಲ್ಲು ಹಾಕಿದರೆ ನಡೆಯುವಂಥದು. ಆಚಾರಿಗಳ ಕೆಲಸಕ್ಕೆಂದೇ ಕೊಂಡದ್ದಂತೆ. ಶಿವಲಿಂಗಮ್ಮ ಬೇಡ ಎಂದು ತೋಳು ಹಿಡಿದಳು, ತಾಳಿ ತೂಗಬಾರದು ಅಂದಳು. ಅವನು ಕೈ ಕೊಡವಿಕೊಂಡ. ನಾನು ಅಪ್ಪನ ಕಡೆ ನೋಡಿದೆ. ಬೇಡ ಅನ್ನುತ್ತಾನೆ ಎಂದುಕೊಂಡಿದ್ದೆ.

“ಹಾಕಿ ಬುದ್ಧಿ,” ಅಂದ ಅಪ್ಪ.

ಅವನ ದನಿಯಲ್ಲಿ ಒಂದು ಚೂರು ಜಂಬ ಇತ್ತು. ಐವತ್ತು ವರ್ಷ ಮುಚ್ಚಿಟ್ಟದ್ದು ಒಂದು ಸಲವಾದರೂ ಒಬ್ಬ ಅನುಮಾನದ ಮನುಷ್ಯನ ಕಣ್ಣಿಗೆ ಬೀಳಲಿ ಎಂಬ ಆಸೆ ಅವನಿಗೂ ಇತ್ತೆಂದು ನನಗೆ ಗೊತ್ತಿರಲಿಲ್ಲ. ಈಗ ನಿಲ್ಲಿಸಲು ಏನು ಹೇಳಿದರೂ ಕಳ್ಳತನದಂತೆಯೇ ಕಾಣುತ್ತಿತ್ತು. ಬೋರಲಿಂಗಯ್ಯ ತಾಳಿಯನ್ನು ತಕ್ಕಡಿಯ ಮೇಲಿಟ್ಟ. ಕೆಂಪು ಅಂಕಿಗಳು ಓಡಿ ನಿಂತವು. ಅವನು ಗಟ್ಟಿಯಾಗಿ ಓದಿದ, ಸರಿಯಾಗಿ ಎಂಟು ಗ್ರಾಮ್, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಅಪ್ಪ ಇನ್ನೊಂದು ಸಲ ಓದಿ ಅಂದ. ಅವನು ಓದಿದ. ಆಮೇಲೆ ಆ ದೊಡ್ಡ ಮನುಷ್ಯ ಅಪ್ಪನ ಬೆನ್ನು ತಟ್ಟಿ, ಇಷ್ಟು ವರ್ಷಕ್ಕೆ ಒಬ್ಬ ನಿಯತ್ತಿನ ಆಚಾರಿಯನ್ನು ನೋಡಿದೆ ಎಂದು ಹೆಂಡತಿಗೆ ಹೇಳಿದ.

ಪಂಚೆ ಒದರು ಅಂದಾಗ ನಕ್ಕಿದ್ದ ಮುಖ ಈ ಹೊಗಳಿಕೆಗೆ ಕಪ್ಪಿಟ್ಟಿತು. ಅಪ್ಪ ಮುಖ ನನ್ನ ಕಡೆ ತಿರುಗಿಸಿದ, ನೇರವಾಗಿ ನನ್ನ ಕಿವಿಯ ಕಡೆಗೆ. ಐವತ್ತು ವರ್ಷ ಚಿನ್ನ ಮುಟ್ಟಿದವನಿಗೆ ಒನ್ ಗ್ರಾಮ್ ಗೋಲ್ಡಿನ ಕಥೆ ಹೇಳಿದ್ದೆನಲ್ಲ, ನನ್ನ ಬುದ್ಧಿಗಿಷ್ಟು. ಚಿನ್ನವೆಂದು ಅವನಿಗೆ ಮೊದಲೇ ಗೊತ್ತಿತ್ತು. ಮಗಳು ತನ್ನ ಸಂಪಾದನೆಯಲ್ಲಿ ಮಾಡಿಕೊಂಡು ನಾಚಿಕೆಗೆ ಸುಳ್ಳು ಹೇಳಿದಳೆಂದು ತಿಳಿದಿದ್ದನಂತೆ. ಎಲ್ಲಿಯ ಚಿನ್ನ ಎಂದು ಆ ಕೆಂಪು ಅಂಕಿ ಹೇಳಿತು.

“ಕಮ್ಮಿ ಐತೆ ಬುದ್ಧಿ,” ಅಂದ ಅಪ್ಪ. “ನೀವು ಕೊಟ್ಟಷ್ಟೇ ಐತೆ. ನಮ್ದು ಬಿದ್ದಿಲ್ಲ.”

ಬೋರಲಿಂಗಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ನನ್ನ ಕಡೆ ಅಂಗೈ ಚಾಚಿದ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಬಾಯಲ್ಲಿ ನಾನೇನು ಕಮ್ಮಿಯವಳಲ್ಲ. ಅವನು ಸುಮ್ಮನೆ ಕೈ ಚಾಚಿಕೊಂಡೇ ಇದ್ದ. ಬೆಂಚಿನ ಮೇಲಿನ ಇಬ್ಬರ ಎದುರಿಗೆ ನಾನು ಎಡಗಿವಿಯ ತಿರುಪು ಬಿಚ್ಚಿ ಅವನ ಅಂಗೈಗೆ ಹಾಕಿದೆ. ಅಪ್ಪ ತಾನೇ ಊದುಗೊಳವೆ ಕೈಗೆತ್ತಿಕೊಂಡ. ನಡುಗುವ ಕೈಯಲ್ಲಿ, ಕಾಣದ ಕಣ್ಣಲ್ಲಿ, ಆ ತಿರುಪನ್ನು ಕರಗಿಸಿ ತಾಳಿಯ ಬೆನ್ನಿಗೆ ಒಂದು ರವೆಯಾಗಿ ಬೆಸೆದ. ನಾನು ಚಿಮಟ ಹಿಡಿದು ಜೊತೆಗಿದ್ದೆ, ಅಷ್ಟೇ.

ಬೋರಲಿಂಗಯ್ಯ ಮತ್ತೆ ತೂಗಿದ. ಒಂದು ಗುಲಗಂಜಿಯಷ್ಟು ಹೆಚ್ಚು ಬಂತು. ಅವನ ಹುಬ್ಬು ಗಂಟಿಕ್ಕಿತು. ಕೊಟ್ಟದ್ದಕ್ಕಿಂತ ಹೆಚ್ಚು ಕೊಡುವ ಆಚಾರಿ ಈ ಲೋಕದಲ್ಲಿ ಇರಲು ಸಾಧ್ಯವೇ? ಅಂಥದೊಂದು ಗಾದೆ ಇದೆಯೇ? ಇಲ್ಲವಲ್ಲ. ತಾಳಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ತಾಮ್ರ ಬೆರೆಸಿದೆಯೇನೋ ಕಳ್ಳ ಆಚಾರಿ ಎಂದು ಕೇಳಿಯೇಬಿಟ್ಟ. ಶಿವಲಿಂಗಮ್ಮ ತಲೆ ತಗ್ಗಿಸಿದಳು. ಅಪ್ಪ ಐವತ್ತು ವರ್ಷ ನಕ್ಕ ಹಾಗೇ ನಕ್ಕ. ಕಳ್ಳ ಅನ್ನಿಸಿಕೊಂಡ ಮೇಲೆ ಅವನ ಮುಖಕ್ಕೆ ಕಳೆ ಬಂತು. ಎಲ್ಲಿ ಬೇಕಾದರೂ ಒರೆ ಹಚ್ಚಿಸಿ ನೋಡಿ ಬುದ್ಧಿ ಅಂದ. ಬೋರಲಿಂಗಯ್ಯ ಗೊಣಗುತ್ತ ತಕ್ಕಡಿ ಎತ್ತಿಕೊಂಡು ಕಾರು ಹತ್ತಿದ. ಶಿವಲಿಂಗಮ್ಮ ತಟ್ಟೆ ಹಿಡಿದು ಹಿಂದೆ ಹೋದಳು. ತಾಳಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

ನಾನು ಅಪ್ಪನ ಬೈಗುಳಕ್ಕೆ ಕಾದೆ. ಬರಲಿಲ್ಲ. ಕೊನೆಗೆ ನಾನೇ ಸಿಡಿದೆ. ನನ್ನ ತಾಳಿಗೂ ಹಾಕಿದ್ದೆಯಲ್ಲ, ಏನು ಕಡಿದು ಕಟ್ಟೆ ಹಾಕಿತು ನಿನ್ನ ಗುಲಗಂಜಿ ಎಂದು ಕೇಳಿದೆ. ಅಪ್ಪ ಬೆಂಕಿಗೆ ಬೂದಿ ಮುಚ್ಚುತ್ತಿದ್ದ.

“ಅದು ನಿನ್ ಕಡೆ ಇತ್ತು ಕಣವ್ವಾ,” ಅಂದ. “ಅದಕ್ಕೇ ನೀನು ಜೀವಂತ ಬಂದ್ಬುಟ್ಟೆ.”

ಗುಲಗಂಜಿಗೆ ತನ್ನ ಕಪ್ಪು ತನಗೇ ಕಾಣದು ಅಂತಾರೆ. ಅಕ್ಕಸಾಲಿ ಅಕ್ಕನ ಚಿನ್ನ ಬಿಡುತ್ತಾನೋ ಇಲ್ಲವೋ, ನಾನು ಅಪ್ಪನ ಚಿನ್ನ ಬಿಟ್ಟಿರಲಿಲ್ಲ. ಇಪ್ಪತ್ತೊಂದು ಹೆಣ್ಣುಮಕ್ಕಳ ಕೊರಳಲ್ಲಿ ಅವರ ಕಡೆಯದು ಅನ್ನುವುದು ಏನೂ ಇರಲಿಲ್ಲ. ಅದು ನನ್ನ ಎರಡು ಕಿವಿಯಲ್ಲಿತ್ತು.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅಂಗಡಿ ನನ್ನದು. ಆ ಓಲೆಗಳು ಈಗಿಲ್ಲ. ಆ ಇಪ್ಪತ್ತೊಂದರಲ್ಲಿ ಯಾವ ತಾಳಿ ಕೊಂಡಿ ಸವೆದು ರಿಪೇರಿಗೆ ಬಂದರೂ ನನಗೆ ಗುರುತು ಸಿಗುತ್ತದೆ, ನನ್ನ ಕೈಯ ಕೆಲಸವಲ್ಲವೇ? ಓಲೆಯಿಂದ ಕತ್ತರಿಸಿದ ಒಂದು ಚೂರನ್ನು ಅದರ ಬೆನ್ನಿಗೆ ಬೆಸೆದು ಕೊಡುತ್ತೇನೆ. ಹದಿನಾರು ಮುಗಿದಿವೆ. ಇನ್ನೈದು ಹೆಂಗಸರು ಎಲ್ಲಿದ್ದಾರೋ, ಅವರ ಚೂರುಗಳು ವಿಕ್ಸ್ ಡಬ್ಬಿಯಲ್ಲಿವೆ. ಬೆಂಚಿನ ಮೇಲೆ ಕೂತವರು ಈಗಲೂ ರೆಪ್ಪೆ ಬಡಿಯದೆ ನನ್ನ ಕೈಯನ್ನೇ ನೋಡುತ್ತಾರೆ. ಮೊದಲಾಗಿದ್ದರೆ ಉರಿದುಬೀಳುತ್ತಿದ್ದೆ. ಈಗ ನೋಡಲಿ ಎಂದು ಸುಮ್ಮನಿರುತ್ತೇನೆ.